ನೀರು ಮುಚ್ಚುವ ಹೊತ್ತು

ನರಸಿಂಹರಾಜಪುರದ ನಮ್ಮ ಮನೆಯಲ್ಲಿ ನೀರನ್ನು ದಿನಕ್ಕೆ ಎರಡು ಸಲ ಸೋಸುತ್ತಿದ್ದೆವು, ಒಂದು ಸಲ ಮುಚ್ಚುತ್ತಿದ್ದೆವು. ಸೋಸುವುದು ನನ್ನ ಕೆಲಸ, ಮುಚ್ಚುವುದೂ ನನ್ನದೇ. ನಾವು ಜೈನರು. ಬಾವಿಯಿಂದ ಸೇದಿದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವು ನಮ್ಮ ಹೊಟ್ಟೆಗೆ ಹೋಗಿ ಸಾಯಬಾರದು ಎಂದು ಎರಡು ಮಡಿಕೆ ಮಾಡಿದ ದಪ್ಪ ಬಿಳಿ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ ನಿಧಾನವಾಗಿ ನೀರು ಇಳಿಸಬೇಕು. ಅಷ್ಟಕ್ಕೆ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳು ಒಣಗಿ ಸಾಯಬಾರದಲ್ಲ. ಹಾಗಾಗಿ ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಸ್ವಲ್ಪ ಹಾಕಿ ಜಾಲಾಡಿಸಿ, ಆ ನೀರನ್ನು ಬಿಂದಿಗೆಗೆ ತುಂಬಿ, ಹಗ್ಗದಲ್ಲಿ ಬಾವಿಯ ತಳದ ನೀರಿನ ತನಕ ಇಳಿಸಿ ಸದ್ದಾಗದ ಹಾಗೆ ಬಿಡಬೇಕು. ಮೇಲಿಂದ ಸುರಿದರೆ ಏಟು ಬಿದ್ದು ಸಾಯುತ್ತವಂತೆ. ಒಂಬತ್ತು ವರ್ಷದ ನಾನು ದಿನಾ ಬಾವಿಕಟ್ಟೆಗೆ ಹೊಟ್ಟೆ ಕೊಟ್ಟು ಬಗ್ಗಿ, ಕಾಣದ ಜೀವಗಳನ್ನು ಅವುಗಳ ಮನೆಗೆ ಕಳಿಸುತ್ತಿದ್ದೆ. ಒಂದು ದಿನವೂ ತಪ್ಪಿಸಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದುವಾಗ ನೆನಪಿರಲಿ.

ಮನೆ ಅಗಲ ಕಡಿಮೆ, ಉದ್ದ ಜಾಸ್ತಿ. ಬೀದಿಗೆ ಮುಖ ಮಾಡಿ ಅಪ್ಪನ ಪಾತ್ರೆ ಅಂಗಡಿ. ತಾಮ್ರದ ಕೊಡ, ಹಿತ್ತಾಳೆಯ ತಂಬಿಗೆ, ಕಂಚಿನ ತಟ್ಟೆ ಎಲ್ಲ ಅಲ್ಲಿ ನೇತಾಡುತ್ತಿದ್ದವು. ಅಂಗಡಿಯ ಹಿಂದಿನ ಬಾಗಿಲು ತೆಗೆದರೆ ನಡುಮನೆ, ಅದರಾಚೆ ಅಡುಗೆಮನೆ, ಅದರಾಚೆ ಹಿತ್ತಿಲು, ಬಾವಿ, ಎದೆಯೆತ್ತರದ ಗೋಡೆ. ಗೋಡೆಯಾಚೆ ಹಲೀಮಕ್ಕನ ಮನೆ. ಅವಳ ಗಂಡ ಕಲಾಯಿ ಹಾಕುವವರು. ಅಪ್ಪನ ಅಂಗಡಿಯ ಪಾತ್ರೆಗಳಿಗೆಲ್ಲ ಅವರದ್ದೇ ಕಲಾಯಿ. ಮನೆಯೊಳಗೆ ನಾವು ನಾಲ್ಕೇ ಜನ. ಅಪ್ಪ, ಅಮ್ಮ, ನಾನು, ಮತ್ತೆ ಅಪ್ಪನ ಅಕ್ಕ ಚಂದ್ರತ್ತೆ. ಚಂದ್ರತ್ತೆ ಇಪ್ಪತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಕೂತವಳು. ಅಡುಗೆಮನೆ ಯಾರದ್ದು ಎಂಬುದರ ಮೇಲೆ ಅವಳಿಗೂ ಅಮ್ಮನಿಗೂ ದಿನಾ ಒಂದು ಸುತ್ತು ಆಗುತ್ತಿತ್ತು. ಅಮ್ಮ ಕೊಪ್ಪದ ಹತ್ತಿರದ ನಾರ್ವೆ ಹಳ್ಳಿಯ ಕಡೆಯವಳು, ಬಾಯಿ ಜೋರು, ನಗು ಅದಕ್ಕಿಂತ ಜೋರು. ಅವಳು ನೀರು ಕುಡಿಯುವುದನ್ನು ನೋಡಬೇಕಿತ್ತು. ತಂಬಿಗೆಯನ್ನು ಎತ್ತಿ ಹಿಡಿದು, ಕುತ್ತಿಗೆ ಹಿಂದಕ್ಕೆ ಹಾಕಿ, ಒಂದೇ ಸಮ ಗಟಗಟ ಸುರಿದುಕೊಳ್ಳುತ್ತಿದ್ದಳು. ಕೊನೆಗೆ ಸೆರಗಿನಲ್ಲಿ ಬಾಯಿ ಒರೆಸಿ ‘ಹಾ’ ಎನ್ನುತ್ತಿದ್ದಳು. ಚಂದ್ರತ್ತೆಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

"ಎಮ್ಮೆ ಕುಡಿದ ಹಾಗೆ ಕುಡೀತಾಳೆ ನೋಡು."

"ಎಮ್ಮೆ ಹಾಲಾದ್ರೂ ಕೊಡ್ತದೆ ಅತ್ತಿಗೆ. ನಂಗೆ ಅಷ್ಟೂ ಯೋಗ್ಯತೆ ಇಲ್ಲ, ಕುಡಿಯೋಕಾದ್ರೂ ಬಿಡಿ."

ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಬಾಯಿಗೆ ಏನೂ ಹಾಕುವ ಮೊದಲು ನಡುಮನೆಯಲ್ಲಿ ಓದು. ಮಡಚುವ ಮರದ ಪೀಠದ ಮೇಲೆ ಕೆಂಪು ಬಟ್ಟೆ ಬಿಚ್ಚಿ ಅಪ್ಪ ಗ್ರಂಥ ಇಡುತ್ತಿದ್ದರು. ದಪ್ಪ ಅಕ್ಷರದ ಹಳೆಯ ಪುಸ್ತಕ. ಗುರುತಿಗೆ ಒಂದು ನವಿಲುಗರಿ. ದಿನಕ್ಕೆ ಒಂದೇ ಪುಟ. ಓದಿ, ಅರ್ಥ ಹೇಳಿ, ಪುಸ್ತಕ ಮುಚ್ಚಿ, ಅಪ್ಪ ಒಬ್ಬೊಬ್ಬರ ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇವತ್ತು ಏನು ಬಿಟ್ಟೆ? ಬರೀ ಓದಿದರೆ ಪ್ರಯೋಜನ ಇಲ್ಲ, ಓದಿದ್ದಕ್ಕೆ ಏನಾದರೂ ಬಿಡಬೇಕು ಎಂಬುದು ಅವರ ಕ್ರಮ. ತುಪ್ಪ ಬಿಡಬಹುದು, ಉಪ್ಪು ಬಿಡಬಹುದು, ಹಗಲು ನಿದ್ದೆ ಬಿಡಬಹುದು, ಒಂದು ಹೊತ್ತಿನ ಊಟ ಬಿಡಬಹುದು. ಹೇಳಿದ ಮೇಲೆ ಮುಗಿಯಿತು, ಮಾರನೆಯ ಸೂರ್ಯ ಹುಟ್ಟುವ ತನಕ ಅದು ನಿಯಮ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಯಾವುದೂ ನಮ್ಮ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲವಾದ್ದರಿಂದ ಬಿಡಲು ಉಳಿದದ್ದೇ ಸ್ವಲ್ಪ. ಚಂದ್ರತ್ತೆ ಬಿಟ್ಟೂ ಬಿಟ್ಟೂ ಕೊನೆಗೆ ಗಂಜಿ ಮತ್ತು ಹೆಸರುಬೇಳೆಗೆ ಬಂದು ನಿಂತಿದ್ದಳು. ಅಮ್ಮ ಮಾತ್ರ ತಮಾಷೆ ಮಾಡುತ್ತಿದ್ದಳು.

"ಇವತ್ತು ನಾನು ಅತ್ತಿಗೆ ಜತೆ ಜಗಳ ಬಿಟ್ಟೆ."

"ಎಲ್ಲಿ ತನಕ?" ಅಪ್ಪ ನಗದೆ ಕೇಳುತ್ತಿದ್ದರು.

"ಅವರು ಅಡುಗೆಮನೆಗೆ ಬರೋ ತನಕ."

ಅಪ್ಪ ಕೆಟ್ಟವರಲ್ಲ. ಒಂದು ದಿನವೂ ಯಾರಿಗೂ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. ಆದರೆ ಅವರ ಮುಖದಲ್ಲಿ ಮೆಚ್ಚುಗೆ ಕಾಣುವುದು ದಿನಕ್ಕೆ ಒಂದೇ ಸಲ, ಯಾರಾದರೂ ದೊಡ್ಡದನ್ನು ಬಿಟ್ಟಾಗ. ಆ ಮುಖಕ್ಕಾಗಿ ನಾನು ಏನು ಬೇಕಾದರೂ ಬಿಡಲು ತಯಾರಿದ್ದೆ. ಇನ್ನೊಂದು ಕ್ರಮ ಇತ್ತು, ಅದನ್ನೂ ಹೇಳಬೇಕು. ಮಳೆಗಾಲದ ಚಾತುರ್ಮಾಸ ಶುರುವಾಗುವ ದಿನ ಗ್ರಂಥವನ್ನು ಮೊದಲ ಪುಟದಿಂದ ಆರಂಭಿಸಬೇಕು. ಎಲ್ಲಿಗೇ ಬಂದಿರಲಿ, ಆ ದಿನ ನವಿಲುಗರಿ ಮೊದಲ ಪುಟಕ್ಕೆ ವಾಪಸು. ಅಜ್ಜನ ಕಾಲದಿಂದ ಬಂದದ್ದು. ಪುಸ್ತಕ ವರ್ಷಕ್ಕಿಂತ ದೊಡ್ಡದಿತ್ತು. ನಡುವೆ ಸೂತಕದ ದಿನ, ಊರಿಗೆ ಹೋದ ದಿನ, ಮುನಿಗಳು ಬಂದು ಅವರ ಪ್ರವಚನ ಕೇಳಿದ ದಿನ ಬೇರೆ. ಹಾಗಾಗಿ ಪುಸ್ತಕದ ಕೊನೆಯ ಭಾಗವನ್ನು ನಮ್ಮ ಮನೆಯಲ್ಲಿ ಯಾರೂ ಓದಿದ್ದಿಲ್ಲ. ಆ ಪುಟಗಳ ಅಂಚು ಬೆಳ್ಳಗೆ ಇತ್ತು. ಅದು ಒಂದು ಕೊರತೆ ಎಂದು ಯಾರಿಗೂ ಅನ್ನಿಸಲಿಲ್ಲ. ಮೊದಲಿನದ್ದೇ ಇನ್ನೂ ಅರಗಿಲ್ಲ ಎನ್ನುತ್ತಿದ್ದರು ಅಪ್ಪ.

ಹೊತ್ತು ಮುಳುಗುವ ಮೊದಲು ನಮ್ಮಲ್ಲಿ ಊಟ ಮುಗಿಯಬೇಕು. ಊಟದ ಮೇಲೆ ಅಪ್ಪನಿಗೂ ಅತ್ತೆಗೂ ನೀರೂ ಇಲ್ಲ. ಅವರದ್ದು ಜೀವಮಾನದ ನಿಯಮ. ಅಮ್ಮ, ನಾನು ಕುಡಿಯುತ್ತಿದ್ದೆವು. ಆ ವರ್ಷ ಚಾತುರ್ಮಾಸದ ಮೊದಲ ದಿನ ಅಪ್ಪ ಎಂದಿನಂತೆ ಕೇಳಿದಾಗ ನಾನು ಎದ್ದು ನಿಂತು, ಇನ್ನು ಮೇಲೆ ನಾನೂ ಕತ್ತಲಾದ ಮೇಲೆ ನೀರು ಕುಡಿಯುವುದಿಲ್ಲ ಎಂದೆ. ಅಪ್ಪನ ಮುಖ ಅರಳಿತು. ಹಾಗೆ ಅರಳಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅಂದಿನಿಂದ ಸಂಜೆ ಕೊಡಕ್ಕೆ ಹಿತ್ತಾಳೆಯ ಮುಚ್ಚಳ ಇಟ್ಟು, ಅದರ ಮೇಲೆ ಸೋಸುವ ಬಟ್ಟೆ ಹೊದಿಸಿ ‘ನೀರು ಮುಚ್ಚಿತು’ ಎಂದು ಕೂಗುವ ಅಧಿಕಾರ ನನಗೆ ಬಂತು. ಅಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಇಷ್ಟುದ್ದ ಹೆಣ್ಣಿಗೆ ಈಗಲೇ ಎಂತಕ್ಕೆ ಇದೆಲ್ಲ?"

"ಮಕ್ಕಳಿಗೆ ಬೇಗ ಬೇರು ಹಿಡೀತದೆ," ಎಂದರು ಅಪ್ಪ.

ಬೇರು ಹಿಡಿಯಿತು. ಹತ್ತು ಹನ್ನೆರಡು ದಿನ ಹಲ್ಲು ಕಚ್ಚಿ ನಡೆಸಿದೆ. ಒಂದು ಸಂಜೆ ಊಟಕ್ಕೆ ಹಲಸಿನ ಹಪ್ಪಳ ಸುಟ್ಟಿದ್ದರು. ನಾನು ಆಸೆಗೆ ಆರೇಳು ತಿಂದು, ನೀರು ಕುಡಿಯಲು ಮರೆತು, ಮುಚ್ಚಿಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ನಾಲಿಗೆ ಅಂಟಿಕೊಂಡಿತು. ಅಡುಗೆಮನೆಯ ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಅಮ್ಮ ಬಂದು ನೋಡಿದಳು. ಮುಚ್ಚಳ ತೆಗೆದಳು, ತಂಬಿಗೆ ಅದ್ದಿದಳು.

"ಕಣ್ಣು ಮುಚ್ಕೊಂಡು ಕುಡಿ. ನೀನು ನೋಡದಿದ್ರೆ ಲೆಕ್ಕಕ್ಕಿಲ್ಲ."

"ನೀನು ನೋಡ್ತೀಯಲ್ಲ?"

"ನಾನೂ ಮುಚ್ಕೊಂಡೆ, ನೋಡು. ಕುಡಿ ಮಾರಾಯ್ತಿ."

ನಿಜವಾಗಿ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಾನು ಕುಡಿದೆ. ಅಷ್ಟು ರುಚಿಯ ನೀರನ್ನು ನಾನು ಈ ಎಪ್ಪತ್ತು ದಾಟಿದ ಆಯಸ್ಸಿನಲ್ಲಿ ಮತ್ತೆ ಕುಡಿದಿಲ್ಲ. ಮಾರನೆಯ ಬೆಳಿಗ್ಗೆ ಅಪ್ಪ ಓದಿದ ಪುಟದಲ್ಲಿ ಸುಳ್ಳಿನ ವಿಷಯ ಬಂತು. ಮುಚ್ಚಿಟ್ಟದ್ದೂ ಸುಳ್ಳೇ ಎಂದರು. ನಾನು ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಕೊಟ್ಟಳು ಎಂದೆ. ಕಣ್ಣು ಮುಚ್ಚಿಕೊಂಡರೆ ಲೆಕ್ಕಕ್ಕಿಲ್ಲ ಎಂದಳು ಎಂದೂ ಹೇಳಿದೆ. ಯಾರೂ ಕೇಳದೆ ಹೇಳಿದೆ. ಚಂದ್ರತ್ತೆ ಬಾಯಿಗೆ ಸೆರಗು ಹಿಡಿದಳು. ಅಪ್ಪ ನವಿಲುಗರಿ ಇಟ್ಟು ಪುಸ್ತಕ ಮುಚ್ಚಿದರು.

"ಮಗು ಕಟ್ಟಿದ್ದನ್ನ ತಾಯಿ ಬಿಚ್ಚಬಾರದಿತ್ತು," ಎಂದರು. ಅಷ್ಟೇ ಅಂದದ್ದು.

ಅಮ್ಮ ಅಂದು ಉಪವಾಸ ಮಾಡಿದಳು, ಪ್ರಾಯಶ್ಚಿತ್ತಕ್ಕೆ. ಮರುದಿನ ಓದಿನ ಕೊನೆಗೆ ಅಪ್ಪ ಕೇಳುವ ಮೊದಲೇ, ಜೀವ ಇರುವ ತನಕ ಕತ್ತಲಾದ ಮೇಲೆ ನೀರು ಬಿಟ್ಟೆ ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಸಿಟ್ಟಿನಿಂದ ತೆಗೆದುಕೊಂಡಳು ಎಂದು ಚಂದ್ರತ್ತೆ ಹೇಳುತ್ತಿದ್ದಳು, ಭಕ್ತಿಯಿಂದ ಎಂದು ಅಪ್ಪ. ನಾನು ಬಾವಿಕಟ್ಟೆಯಲ್ಲಿ ಅವಳನ್ನೇ ಕೇಳಿದೆ.

"ನೀನೊಬ್ಬಳೇ ಎಂತಕ್ಕೆ ಬಾಯಾರೋದು ಅಂತ," ಎಂದಳು. "ಇಬ್ಬರೂ ಬಾಯಾರುವ. ಆಗ ನೀನು ಅತ್ರೂ ನಂಗೆ ಎದ್ದು ಬಂದು ಕೊಡೋಕಾಗಲ್ಲ, ನೀನೂ ಬೆಳಿಗ್ಗೆ ಎದ್ದು ಚಾಡಿ ಹೇಳೋಕಾಗಲ್ಲ."

ಹೇಳಿ ನಕ್ಕಳು. ನನಗೆ ನಾಚಿಕೆಯಾಗಲಿಲ್ಲ. ಅಮ್ಮ ಸುಧಾರಿಸಿದಳು ಎಂದು ಹೆಮ್ಮೆಯಾಯಿತು. ದಿನದಿನದ ಓದು ನನಗೆ ಏನು ಕಲಿಸಿತು ಎಂದು ಯಾರಾದರೂ ಕೇಳಿದರೆ ಮೊದಲು ಇದನ್ನೇ ಹೇಳುತ್ತೇನೆ: ಒಂಬತ್ತು ವರ್ಷಕ್ಕೇ ಹೆತ್ತವಳನ್ನು ತೂಗಿ ನೋಡಲು ಕಲಿಸಿತು.

ಬೇಸಿಗೆಯಲ್ಲಿ ಅಮ್ಮನಿಗೆ ಜ್ವರ ಬಂತು. ಮೊದಲ ವಾರ ಅಡುಗೆ ಮಾಡಿಕೊಂಡೇ ಇದ್ದಳು, ಎರಡನೆಯ ವಾರ ನಡುಮನೆಯ ಚಾಪೆಯಿಂದ ಏಳಲಿಲ್ಲ. ಬಾವಿ ತಳ ಕಂಡಿತ್ತು. ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿ ಬಿಂದಿಗೆ ಇಳಿಸುತ್ತಿದ್ದೆ. ಗೋಡೆಯಾಚೆ ರಂಜಾನ್ ಉಪವಾಸ ನಡೆಯುತ್ತಿತ್ತು. ಹಲೀಮಕ್ಕ ಒಣಗಿದ ತುಟಿಯಲ್ಲೇ ದಿನಕ್ಕೆ ನಾಲ್ಕು ಸಲ ಗೋಡೆಯ ಬಳಿ ಬಂದು ಅಮ್ಮ ಹೇಗಿದ್ದಾಳೆ ಎಂದು ಕೇಳುತ್ತಿದ್ದಳು. ನಮ್ಮ ಎರಡು ಮನೆಗಳ ನಡುವೆ ಒಂದು ವಿಚಿತ್ರ ಇತ್ತು. ಸಂಜೆ ಮಸೀದಿಯ ಕೂಗು ಕೇಳಿದರೆ ಅವರಲ್ಲಿ ನೀರಿಗೆ ಬಾಯಿ ತೆರೆಯುವ ಹೊತ್ತು, ನಮ್ಮಲ್ಲಿ ಮುಚ್ಚುವ ಹೊತ್ತು. ಆ ಕೂಗೇ ನನಗೂ ಗಡಿಯಾರ. ಒಂದು ದಿನ ಮಧ್ಯಾಹ್ನ ಅಮ್ಮನ ಮೈ ಕಾದ ಬಾಣಲೆಯಾಯಿತು. ಊರಿನ ಡಾಕ್ಟರು ಊರಲ್ಲಿರಲಿಲ್ಲ. ಅಪ್ಪ ಅಂಗಡಿ ಬಾಗಿಲು ಹಾಕಿ, ಬೇರೆ ಡಾಕ್ಟರನ್ನು ಕರೆತರಲು ಕೊಪ್ಪದ ಬಸ್ಸು ಹತ್ತಿದರು. ಸಂಜೆ ಚಂದ್ರತ್ತೆ ಅಮ್ಮನಿಗೆ ಎರಡು ಚಮಚ ಗಂಜಿತಿಳಿ ಕುಡಿಸಿ, ಬಸದಿಯ ಆರತಿಗೆ ಹೊರಟಳು.

"ದೇವರಿಗೆ ಕೈ ಮುಗಿದು ಬತ್ತೀನಿ. ಹತ್ತಿರ ಕೂತಿರು. ಹೊತ್ತಿಗೆ ಸರಿಯಾಗಿ ನೀರು ಮುಚ್ಚು."

ಮಸೀದಿಯ ಕೂಗು ಕೇಳಿತು. ನಾನು ಹೋಗಿ ಮುಚ್ಚಳ ಇಟ್ಟೆ, ಬಟ್ಟೆ ಹೊದಿಸಿದೆ, ಮನೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇಲ್ಲದಿದ್ದರೂ ‘ನೀರು ಮುಚ್ಚಿತು’ ಎಂದು ಕೂಗಿದೆ. ಕೂಗಿಗೆ ಅಮ್ಮ ಕಣ್ಣು ತೆರೆದಳು.

"ಪದ್ದಿ, ನೀರು."

"ಹೊತ್ತು ಮುಳುಗ್ತಮ್ಮ."

"ಹೌದನಾ. ಗೊತ್ತೇ ಆಗಲಿಲ್ಲ."

ನಾಲಿಗೆಯಿಂದ ತುಟಿ ಸವರಿಕೊಂಡಳು. ನಾಲಿಗೆಯೂ ಒಣಗಿತ್ತು.

"ಒಂದು ಗುಟುಕು ಸಾಕು."

"ನಿಯಮ ಮುರೀತದೆ."

"ಮುರೀಲಿ ಮಾರಾಯ್ತಿ. ಹುಷಾರಾದ ಮೇಲೆ ಎರಡು ಉಪವಾಸ ಮಾಡ್ತೀನಿ."

"ಜೀವ ಇರೋ ತನಕ ಅಂದಿದ್ದೀಯ. ಅಪ್ಪ ಬರಲಿ, ಕೇಳಿ ಕೊಡ್ತೀನಿ."

ಅವಳು ನಗಲು ನೋಡಿದಳು. ತುಟಿ ಸೀಳಿ ಒಂದು ಗೆರೆ ರಕ್ತ ಬಂತು. ಕಣ್ಣು ಮುಚ್ಚಿದಳು.

"ನೋಡು, ಕಣ್ಣು ಮುಚ್ಕೊಂಡೆ. ಕೊಡೇ."

ನನಗೆ ಅದು ನೆನಪಿತ್ತು. ಚೆನ್ನಾಗಿ ನೆನಪಿತ್ತು. ಅದಕ್ಕೇ ಕೊಡಲಿಲ್ಲ. ಇದೊಂದು ಪರೀಕ್ಷೆ, ಹೋದ ಸಲ ಸೋತಿದ್ದೆ, ಈ ಸಲ ಗೆಲ್ಲಬೇಕು ಎಂದುಕೊಂಡೆ. ಬೆಳಿಗ್ಗೆ ಅಪ್ಪನ ಮುಖ ಹೇಗೆ ಅರಳಬಹುದು ಎಂಬುದನ್ನೂ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ. ಅಮ್ಮ ‘ನೀರು’ ಎಂದು ಗಟ್ಟಿಯಾಗಿ ಕೂಗಿದಳು. ಆ ಕೃಶ ಮೈಯಲ್ಲಿ ಅಷ್ಟು ದನಿ ಎಲ್ಲಿತ್ತೋ. ಹಿತ್ತಿಲ ಬಾಗಿಲಲ್ಲಿ ಹಲೀಮಕ್ಕ ಬಂದು ನಿಂತಳು, ಕೈಯಲ್ಲಿ ಕಲಾಯಿ ಹಾಕಿದ ಲೋಟ, ಅದರ ತುಂಬ ನೀರು. ಉಪವಾಸ ಬಿಡಲು ಎತ್ತಿದ ಲೋಟ ಅದು, ಬಾಯಿಗೆ ಹೋಗಿರಲಿಲ್ಲ.

"ನಿಮ್ಮಮ್ಮ ನೀರು ಅಂತ ಕೂಗಿದ್ದು ನಮ್ಮ ಮನೆಗೆ ಕೇಳ್ತು ಮಗಾ. ಯಾಕೆ ಕೊಟ್ಟಿಲ್ಲ?"

"ನಮ್ಮಲ್ಲಿ ನೀರು ಮುಚ್ಚಿತು."

"ಕಾಯಿಲೆ ಬಿದ್ದವರಿಗೆ ಎಂಥ ಉಪವಾಸ? ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇರಲ್ಲ. ದೇವರು ಅಷ್ಟು ಕಟುಕ ಅಲ್ಲ ಮಗಾ."

ನಾನು ಬಾಗಿಲಿಗೆ ಅಡ್ಡ ನಿಂತೆ.

"ನನ್ನ ನೀರು ಆಗಲ್ಲ ಅಂದ್ರೆ ಬೇಡ. ನಿಮ್ಮ ಕೊಡದ್ದೇ ಕೊಡು. ನಾನು ಒಳಗೆ ಬರಲ್ಲ, ಏನೂ ಮುಟ್ಟಲ್ಲ. ನೀನೇ ಕೊಡು, ನಾನು ಇಲ್ಲಿಂದ ನೋಡಿ ಹೋಗ್ತೀನಿ."

"ನಿಮಗೆ ನಮ್ಮ ಶಾಸ್ತ್ರ ಗೊತ್ತಿಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ದಿನವಿಡೀ ಒಣಗಿದ ಬಾಯಿ ಅವಳದ್ದು. ಲೋಟವನ್ನು ಬಾಯಿಗಿಡದೆ, ಹಾಗೇ ಹಿಡಿದುಕೊಂಡು ಹೋದಳು. ಚಂದ್ರತ್ತೆ ಆರತಿ ಮುಗಿಸಿ ಬರುವ ಹೊತ್ತಿಗೆ ಅಮ್ಮ ಕೇಳುವುದನ್ನು ನಿಲ್ಲಿಸಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಏನಾದ್ರೂ ಕೇಳಿದ್ಲಾ?"

"ನೀರು ಕೇಳಿದಳು. ನಾನು ಕೊಡಲಿಲ್ಲ."

ಚಂದ್ರತ್ತೆ ನನ್ನ ತಲೆಯ ಮೇಲೆ ಕೈಯಿಟ್ಟು ‘ಬಂಗಾರ’ ಎಂದಳು. ಪಕ್ಕದಲ್ಲಿ ಕೂತು ಮಂತ್ರ ಹೇಳತೊಡಗಿದಳು. ಬೆಳಗಿನ ಜಾವ ಅಮ್ಮ ಹೋದಳು. ಅಪ್ಪನೂ ಡಾಕ್ಟರೂ ಬಂದದ್ದು ಬಿಸಿಲು ಬಂದ ಮೇಲೆ. ನೀರು ಕೊಟ್ಟಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಸಾಯುತ್ತಿದ್ದಳು. ಆ ಜ್ವರಕ್ಕೆ ಆಗ ನಮ್ಮ ಕಡೆ ಎಷ್ಟೋ ಜನ ಹೋದರು. ಆದರೆ ಬಾಯಾರಿ ಸಾಯುತ್ತಿರಲಿಲ್ಲ. ಮಗಳನ್ನು ಬೇಡಿ, ಇಲ್ಲ ಎನ್ನಿಸಿಕೊಂಡು ಸಾಯುತ್ತಿರಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಚಂದ್ರತ್ತೆ ಅದನ್ನೇ ಹೇಳಿದಳು. ಪ್ರಾಣ ಹೋಗುವಾಗಲೂ ನಿಯಮ ಮುರಿಯದೆ ಹೋದಳು, ಪುಣ್ಯವಂತೆ. ಮಗಳು ಕಾವಲು ಕೂತು ತಾಯಿಯ ವ್ರತ ಕಾದಳು ಎಂದು. ಹೆಂಗಸರು ನನ್ನ ಗಲ್ಲ ಹಿಡಿದು ನೆಟಿಗೆ ತೆಗೆದರು. ಅಪ್ಪನ ಎದುರಲ್ಲೂ ಹೇಳಿದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಮುಖ ತಿರುಗಿಸಿದರು. ಎದ್ದು ಹಿತ್ತಿಲಿಗೆ ಹೋದರು. ನಾನು ಕಾದಿದ್ದ ಮುಖ ಅದಾಗಿರಲಿಲ್ಲ. ಏನೋ ತಪ್ಪಾಗಿದೆ ಎಂದು ನನಗೆ ಆಗ ಗೊತ್ತಾಯಿತು. ಏನು ಎಂದು ಹೇಳುವವರು ಇರಲಿಲ್ಲ. ಗೋಡೆಯಾಚೆ ಹಲೀಮಕ್ಕ ಇದ್ದಳು. ಅವಳು ಯಾರಿಗೂ ಬಾಯಿ ಬಿಡಲಿಲ್ಲ, ನನ್ನನ್ನು ಒಂದು ದಿನವೂ ಚುಚ್ಚಲಿಲ್ಲ. ಮೊದಲಿನ ಹಾಗೆಯೇ ‘ಮಗಾ’ ಎಂದು ಕರೆದು ಹಬ್ಬಕ್ಕೆ ಬಾಳೆಹಣ್ಣು, ಖರ್ಜೂರ ಕೊಡುತ್ತಿದ್ದಳು. ಚುಚ್ಚಿದ್ದರೆ ಒಳ್ಳೆಯದಿತ್ತು. ಒಬ್ಬರಾದರೂ ನನ್ನನ್ನು ಬೈದಿದ್ದರೆ ನಾನು ಅಳಬಹುದಿತ್ತು.

ಮುಂದಿನ ಚಾತುರ್ಮಾಸ ಬಂತು. ಕ್ರಮದ ಪ್ರಕಾರ ನವಿಲುಗರಿ ಮೊದಲ ಪುಟಕ್ಕೆ ಹೋಗಬೇಕು. ಅಪ್ಪ ಹಾಗೆ ಮಾಡಲಿಲ್ಲ. ನಿಂತಲ್ಲಿಂದಲೇ ಮುಂದಕ್ಕೆ ಓದಿದರು.

"ಮೊದಲಿಂದ ಅಲ್ವನಾ ತಮ್ಮಾ?" ಎಂದಳು ಚಂದ್ರತ್ತೆ.

"ಈ ಸಲ ಮುಂದೆ ಹೋಗ್ತೀನಿ."

ಒಂದು ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ಓದುತ್ತ ಓದುತ್ತ ಪುಟದ ನಡುವೆ ನಿಂತರು. ಮತ್ತೆ ಓದಲಿಲ್ಲ. ಅಂದಿನಿಂದ ಅಪ್ಪ ಗಟ್ಟಿಯಾಗಿ ಓದಲೇ ಇಲ್ಲ, ಅರ್ಥ ಹೇಳಲಿಲ್ಲ, ಏನು ಬಿಟ್ಟೆ ಎಂದು ಯಾರನ್ನೂ ಕೇಳಲಿಲ್ಲ. ಪೀಠದ ಮುಂದೆ ದಿನಾ ಕೂರುತ್ತಿದ್ದರು, ತುಟಿ ಅಲ್ಲಾಡಿಸುತ್ತಿದ್ದರು, ಮುಚ್ಚಿ ಏಳುತ್ತಿದ್ದರು. ಹೆಂಡತಿ ಸತ್ತ ದುಃಖ ಎಂದುಕೊಂಡೆವು. ನಾನು ಶಾಲೆ ಬಿಟ್ಟು ಒಲೆಯ ಮುಂದೆ ಕೂತೆ. ಮೂರನೆಯ ಕ್ಲಾಸಿಗೆ ನನ್ನ ಓದು ಮುಗಿಯಿತು. ಪ್ರತಿ ವರ್ಷ ಕ್ಷಮಾವಣಿಯ ದಿನ ಮನೆಯವರೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳಬೇಕು. ಅಪ್ಪ ನನ್ನ ಎದುರು ಕೈ ಮುಗಿದು ನಿಲ್ಲುತ್ತಿದ್ದರು, ನಾನು ಅಪ್ಪನ ಎದುರು. ಮಾತು ಮಾಮೂಲಿನದ್ದೇ. ಅಪ್ಪ ಮಾತ್ರ ಅದನ್ನು ಎರಡೆರಡು ಸಲ ಹೇಳುತ್ತಿದ್ದರು. ವಯಸ್ಸಾಯಿತು, ಮರೆವು ಎಂದುಕೊಳ್ಳುತ್ತಿದ್ದೆ. ಅವರಿಗೆ ಆಗ ನಲವತ್ತೂ ಆಗಿರಲಿಲ್ಲ.

ತಾಯಿಯ ವ್ರತ ಕಾದ ಹುಡುಗಿ ಎಂಬ ಹೆಸರಿನ ಮೇಲೆಯೇ ಕೊಪ್ಪದಿಂದ ಸಂಬಂಧ ಬಂತು. ಅತ್ತೆಮನೆಯಲ್ಲಿ ನನ್ನನ್ನು ದೇವರ ಹಾಗೆ ನೋಡಿದರು, ನನಗೆ ಬೇಕಾಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಕೈಬದಲಾಯಿತು, ಪೀಠವೂ ಗ್ರಂಥವೂ ಕೊಪ್ಪಕ್ಕೆ ಬಂದವು. ಆಗ ನನಗೆ ಐವತ್ತು ಹತ್ತಿರ. ಮಕ್ಕಳು ದೊಡ್ಡವರಾಗಿದ್ದರು, ಗಂಡ ಇನ್ನೂ ಇದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದಲು ಕೂತೆ, ದಿನಕ್ಕೆ ಒಂದು ಪುಟ, ಒಂದೊಂದು ಪುಟಕ್ಕೆ ಒಂದೊಂದು ಗಂಟೆ. ಕೆಂಪು ಬಟ್ಟೆ ಬಿಚ್ಚಿದ ಮೊದಲ ದಿನವೇ ನೋಡಿದೆ, ನವಿಲುಗರಿ ಪುಸ್ತಕದ ಕೊನೆಯ ಕಡೆ ಇತ್ತು. ತೆರೆದೆ. ಆಸುಪಾಸಿನ ಪುಟಗಳೆಲ್ಲ ಬೆಳ್ಳಗೆ. ಆ ಒಂದು ಪುಟದ ಕೆಳಮೂಲೆ ಮಾತ್ರ ಹೆಬ್ಬೆರಳು ಸವೆಸಿ ಸವೆಸಿ ಕಪ್ಪಾಗಿ, ಕಾಗದ ಬಟ್ಟೆಯ ಹಾಗೆ ಮೆತ್ತಗಾಗಿತ್ತು. ಇಡೀ ದಿನ ತೆಗೆದುಕೊಂಡು ಅದನ್ನು ಓದಿದೆ. ಬಿಡುವುದು ಅವರವರ ಶಕ್ತಿಗೆ ತಕ್ಕ ಹಾಗೆ ಇರಬೇಕು. ರೋಗಿಗೆ, ಮಕ್ಕಳಿಗೆ, ಮುದುಕರಿಗೆ ಶಕ್ತಿ ಮೀರಿದ ನಿಯಮ ಕೊಡಬಾರದು, ಕೊಟ್ಟವನಿಗೆ ದೋಷ. ಸಂಕಟ ಬಂದವರಿಗೆ ಔಷಧಿ, ನೀರು ಕೊಡುವುದು ದಯೆ, ದಯೆಯೇ ಮೂಲ. ಇಷ್ಟೇ ಅದರ ಸಾರ. ಹಲೀಮಕ್ಕ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿದ್ದೂ ಅಷ್ಟೇ. ಅವಳು ಓದಿರಲಿಲ್ಲ.

ಅಪ್ಪ ನಲವತ್ತು ವರ್ಷ ಅದೊಂದೇ ಪುಟ ಓದಿದ್ದರು. ದಿನಾ ತುಟಿ ಅಲ್ಲಾಡಿಸಿದ್ದು ಅದಕ್ಕೇ. ಒಂದೇ ಮನೆಯಲ್ಲಿ, ಒಂದೇ ನಡುಮನೆಯಲ್ಲಿ, ನಾನು ಮದುವೆಯಾಗಿ ಹೋಗುವ ತನಕ ಎದುರುಬದುರು ಕೂತು ಉಂಡೆವು. ನಿಯಮ ಕೊಟ್ಟವರು ಅವರು, ಕಾದವಳು ನಾನು. ಅವರು ನನಗೆ ಹೇಳಲಿಲ್ಲ. ಹೇಳಿದರೆ ಮಗುವಿನ ತಲೆಯ ಮೇಲೆ ಹೆಣ ಹೊರಿಸಿದ ಹಾಗೆ ಎಂದುಕೊಂಡರೋ, ಹೇಳಲು ಬಾಯಿ ಬರಲಿಲ್ಲವೋ. ನಾನೂ ಕೇಳಲಿಲ್ಲ. ಗ್ರಂಥದಲ್ಲಿ ತಪ್ಪಿರಲಿಲ್ಲ. ಎಲ್ಲ ಇತ್ತು, ನಾವು ಆ ಪುಟ ತಲುಪಿರಲಿಲ್ಲ. ಪ್ರತಿ ವರ್ಷ ಭಕ್ತಿಯಿಂದ ಮೊದಲಿಗೆ ಹೋಗುತ್ತಿದ್ದೆವು. ಜನ ಓದಿನಿಂದ ಮನಸ್ಸಿಗೆ ಶಾಂತಿ ಸಿಗುತ್ತದೆ ಎನ್ನುತ್ತಾರೆ. ಸಿಗುತ್ತದೇನೋ. ನನಗೆ ಸಿಕ್ಕಿದ್ದು ಆ ಕಪ್ಪು ಮೂಲೆ. ಈಗ ನನ್ನ ಹೆಬ್ಬೆರಳೂ ಅಲ್ಲೇ ಕೂರುತ್ತದೆ. ಆದರೂ ಕತ್ತಲಾದ ಮೇಲೆ ನೀರು ಕುಡಿಯದ ನಿಯಮವನ್ನು ನಾನು ಬಿಡಲಿಲ್ಲ. ಭಕ್ತಿಯಿಂದಲ್ಲ. ಅವಳು ಬಾಯಾರಿ ಹೋದಳು, ನಾನು ಕುಡಿಯುವುದು ಹೇಗೆ?

ಹೋದ ತಿಂಗಳ ಮಾತು. ಈಗ ಮನೆಯಲ್ಲಿ ಬೆಳಿಗ್ಗೆ ಗ್ರಂಥ ಓದುವವಳು ನಾನೇ. ಕೇಳಲು ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಪ್ರೇಕ್ಷಾ ಕೂರುತ್ತಾರೆ. ಏನು ಬಿಟ್ಟೆ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಕೇಳದೆಯೇ ಪ್ರೇಕ್ಷಾ ಎದ್ದು ನಿಂತಳು.

"ಇವತ್ತಿಂದ ನಾನು ಕತ್ತಲಾದ ಮೇಲೆ ನೀರು ಕುಡಿಯಲ್ಲ. ಅಜ್ಜಿ ಥರ."

ಮಗ ಮೊಬೈಲು ಕೆಳಗಿಟ್ಟ. ಸೊಸೆಯ ಕಣ್ಣಲ್ಲಿ ನೀರು ಬಂತು. ಇಬ್ಬರ ಮುಖವೂ ಅರಳಿತು. ಆ ಅರಳುವಿಕೆ ನನಗೆ ಗೊತ್ತು. ನಾನು ಬೇಡ ಎಂದೆ. ಕೊನೆಯ ಕಡೆಯ ಆ ಪುಟ ತೆರೆದು, ಎರಡು ಸಲ ಗಟ್ಟಿಯಾಗಿ ಓದಿದೆ.

"ಅದು ಕಾಯಿಲೆಯವರಿಗೆ ಅಲ್ವಾ ಅತ್ತೆ," ಎಂದಳು ಸೊಸೆ. "ಇವಳು ಗಟ್ಟಿಮುಟ್ಟಾಗಿದ್ದಾಳೆ. ಆಸೆಪಟ್ಟು ತಗೊಳ್ತಿದ್ದಾಳೆ, ಯಾಕೆ ತಡೀತೀರಿ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎನ್ನಿಸಿತು. ಅರವತ್ತೈದು ವರ್ಷದ ಮೇಲೆ ಮೊದಲ ಸಲ, ಮನೆಯವರ ಎದುರು, ಬಾಯಿ ಬಿಟ್ಟು ಹೇಳಿದೆ.

"ನಮ್ಮಮ್ಮ ಸಾಯುವಾಗ ನೀರು ಕೇಳಿದಳು. ನಾನು ಕೊಡಲಿಲ್ಲ."

"ಗೊತ್ತು ಅಜ್ಜಿ!" ಎಂದಳು ಪ್ರೇಕ್ಷಾ. ಅವಳ ಕಣ್ಣು ಹೊಳೆಯುತ್ತಿತ್ತು. "ಅಮ್ಮ ಹೇಳಿದ್ದಾಳೆ. ಅದಕ್ಕೇ ನಾನು ತಗೊಂಡಿದ್ದು."

ಚಂದ್ರತ್ತೆ ಹೇಳಿಕೊಂಡು ಬಂದದ್ದೂ ಅದೇ ಮಾತು, ನಾನು ಹೇಳಿದ್ದೂ ಅದೇ ಮಾತು. ತಪ್ಪು ಮಾಡಿದೆ ಎಂದೆ, ಪಾಪ ಎಂದೆ. ಅಜ್ಜಿಗೆ ತಾಯಿಯ ನೆನಪಾಗಿ ಮನಸ್ಸು ಕರಗಿದೆ ಎಂದು ಮಗ ನನ್ನ ಭುಜ ಸವರಿ ಕೆಲಸಕ್ಕೆ ಹೋದ.

ಅಂದು ಸಂಜೆ ಹೊತ್ತು ಮುಳುಗಲು ಬಿಟ್ಟೆ. ಪ್ರೇಕ್ಷಾ ಅಡುಗೆಮನೆಯಲ್ಲೇ ಇದ್ದಳು. ತಾಮ್ರದ ಕೊಡ ಅಪ್ಪನ ಅಂಗಡಿಯದ್ದು, ನನ್ನ ಮದುವೆಗೆ ಕೊಟ್ಟದ್ದು. ತಂಬಿಗೆ ಅದ್ದಿದೆ. ಮಗುವಿನ ಎದುರು ನಿಂತು, ಅಮ್ಮ ಕುಡಿಯುತ್ತಿದ್ದ ಹಾಗೆ ಕುತ್ತಿಗೆ ಹಿಂದಕ್ಕೆ ಹಾಕಿ, ತಂಬಿಗೆ ಎತ್ತಿ ಹಿಡಿದು ಕುಡಿದೆ. ಅರ್ಧ ಸೀರೆಯ ಮೇಲೆ ಬಿತ್ತು. ಕೆಮ್ಮು ಬಂತು. ರುಚಿ ಏನೂ ಇರಲಿಲ್ಲ, ತಾಮ್ರದ ವಾಸನೆ ಅಷ್ಟೇ.

"ಅಜ್ಜೀ, ನಿಯಮ ಮುರೀತು," ಎಂದಳು.

"ಹೌದು, ಮುರೀತು. ನೀನೂ ಕುಡಿ."

ತಂಬಿಗೆ ಅವಳ ಕಡೆ ಚಾಚಿದೆ. ಅವಳು ಎರಡು ಹೆಜ್ಜೆ ಹಿಂದೆ ಹೋದಳು. ನನ್ನ ಮುಖವನ್ನು ತೂಗಿ ನೋಡಿದಳು. ಸಿಟ್ಟಿರಲಿಲ್ಲ ಅವಳಿಗೆ, ಕನಿಕರ ಇತ್ತು. ಸ್ಟೂಲು ಎಳೆದುಕೊಂಡು ಹತ್ತಿ, ಮುಚ್ಚಳ ತೆಗೆದುಕೊಂಡು ಕೊಡದ ಮೇಲೆ ಇಟ್ಟಳು. ಅಂಚು ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿದಳು. ಬಟ್ಟೆ ಹೊದಿಸಿದಳು. ನಾನು ತಂಬಿಗೆ ಹಿಡಿದುಕೊಂಡೇ ನಿಂತಿದ್ದೆ.